ಪೆಂಕೊನ ಸ್ವಂತ ಕತ್ತಿ

ತೋತ್ಕಾ ಗಂಡ ಪೆಂಕೊನ ಕೆಲಸದ ಕೋಣೆಯ ಕೊನೆಯ ಡ್ರಾಯರನ್ನೂ ಎಳೆದು ಮೇಜಿನ ಮೇಲೆ ಬೋರಲು ಹಾಕಿದಳು. ಹಳೇ ಕಾಲದ ಕ್ಷೌರದ ಕತ್ತಿಗಳು ಹೊರಬಿದ್ದವು. ಎಲ್ಲವೂ ಹೊಸದರಂತೆ ಹೊಳೆಯುತ್ತಿದ್ದವು, ಎಲ್ಲವೂ ಉಜ್ಜಿಕೊಡಲೆಂದು ಊರವರು ಬಿಟ್ಟುಹೋದವು.

"ಯಾವುದಾದ್ರೂ ಒಂದು ಕೊಡೇ," ಎಂದ ಕ್ಷೌರಿಕ ದೋಚೊ, ಬಿಸಿನೀರಿನ ಬಟ್ಟಲು ಹಿಡಿದುಕೊಂಡು. "ಪಾದ್ರಿ ಬರೋ ಹೊತ್ತಾಯ್ತು. ನೀರೂ ಆರ್ತಿದೆ."

"ಹೆಣಕ್ಕೆ ಹಚ್ಚಿದ ಕತ್ತಿ ಹೆಣದ ಜೊತೆಗೇ ಮಣ್ಣಿಗೆ ಹೋಗಬೇಕು. ಊರವರ ಸೊತ್ತು ಹೂಳೋಕೆ ನಾನ್ಯಾರು? ನಿಂದು ಕೊಡ್ತೀಯಾ?"

ದೋಚೊ ಬಟ್ಟಲನ್ನು ನೋಡಿದ. "ಅದು ನನ್ನ ಹೊಟ್ಟೆಪಾಡು ಕಣೇ."

ಮಗಳು ನೇದಾ ಅಂಗಡಿಯ ಪ್ಲಾಸ್ಟಿಕ್ ರೇಜರನ್ನು ಚಾಚಿದಳು. "ಇದರಲ್ಲೇ ಮುಗಿಸೋಣಮ್ಮ. ಅಪ್ಪ ಏನು ನೋಡ್ತಾನಾ?"

"ನಾನು ನೋಡ್ತೀನಲ್ಲ."

ಕಿಟಕಿಯ ಮೊಳೆಗೆ ಬಟ್ಟೆಯ ಗಂಟೊಂದು ನೇತಾಡುತ್ತಿತ್ತು. ಅದರೊಳಗಿತ್ತು ಪೆಂಕೊನ ಸ್ವಂತ ಕತ್ತಿ. ಊರವರದು ಮುಗೀಲಿ, ಆಮೇಲೆ ನಂದು ಎನ್ನುತ್ತಲೇ ಇದ್ದ ಪುಣ್ಯಾತ್ಮ. ಕತ್ತಿ ತುಕ್ಕು ಹಿಡಿದು ಕೆಂಪಗಾಗಿತ್ತು.

"ತುಕ್ಕು ಹೋದ್ರೆ ಅಲಗಿಗೆ ಸಾಣೆ ನಾನು ಹಿಡೀತೀನಿ," ಎಂದ ದೋಚೊ. "ಆದ್ರೆ ತೆಗೆಯೋನು ಒಳಗೆ ಮಲಗಿದಾನಲ್ಲ."

*

ಮದುವೆಯಾದ ಹೊಸದರಲ್ಲಿ ಪೆಂಕೊ ಅವಳ ಹೊಲಿಗೆ ಮಿಷನ್ನಿನ ತಲೆ ಬಿಚ್ಚಿಟ್ಟು, ತನ್ನ ಉಣ್ಣೆಯ ಟೋಪಿಯನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ಉಜ್ಜುವ ಚಕ್ರ ಕೂರಿಸಿದ್ದ. ಅವಳ ಲಟ್ಟಣಿಗೆಯನ್ನು ಸೀಳಿ, ಒಳಗೆ ಬೂಟಿನ ಚರ್ಮ ಅಂಟಿಸಿ, ಕತ್ತಿ ಹಿಡಿಯುವ ಇಕ್ಕಳ ಮಾಡಿಕೊಂಡಿದ್ದ.

"ಲಂಗ ಯಾವುದರಲ್ಲಿ ಹೊಲೀಲಿ? ಬಾನಿತ್ಸಾಕ್ಕೆ ಹಿಟ್ಟು ಯಾವುದರಲ್ಲಿ ಲಟ್ಟಿಸಲಿ?"

"ನಾಳೆ ವಾಪಸ್ ಕೊಡ್ತೀನಿ ಕಣೇ."

ಆ ನಾಳೆ ಬರಲೇ ಇಲ್ಲ. ಅವನ ಕಾಲು ಕಾರ್ಖಾನೆಯಲ್ಲಿ ಜಜ್ಜಿಹೋಗಿದ್ದರಿಂದ ಮಿಷನ್ ತುಳಿಯುವುದೂ ಅವಳ ಪಾಲಿಗೇ ಬಂತು. ಅವಳು ಗೊಣಗುತ್ತಾ ತುಳಿಯುವಳು, ಅವನು ಸಿಳ್ಳೆ ಹಾಕುತ್ತಾ ಉಜ್ಜುವನು. ಕೆಲಸ ಮುಗಿದೊಡನೆ ಕಪ್ಪು ಮೆತ್ತಿದ ಹೆಬ್ಬೆರಳಿನಿಂದ ಅವಳ ಕೆನ್ನೆ ಒತ್ತುವನು. ಒಮ್ಮೆ ಆ ಗುರುತು ಹೊತ್ತುಕೊಂಡೇ ಅವಳು ಗಾಬ್ರೊವೊ ಸಂತೆಗೆ ಹೋದಾಗ ಸಂತೆಗೆ ಸಂತೆಯೇ ನಕ್ಕಿತ್ತು. ಅವತ್ತು ಮನೆಯಲ್ಲಿ ದೊಡ್ಡ ಜಗಳ. ಈಗ ಅಂಥ ಜಗಳವಾದರೂ ಬೇಕಿತ್ತು ಅವಳಿಗೆ.

*

"ನೇದಾ, ತುಳಿ."

"ಕೈ ಕುಯ್ಕೊಂಡೀಯಮ್ಮ. ನಿನಗೆ ಬರುತ್ತಾ?"

"ಇಷ್ಟು ವರ್ಷ ಎದುರಿಗೆ ಕೂತು ಗೋಡೆ ನೋಡ್ತಿದ್ನಾ? ನಿಧಾನಕ್ಕೆ ತುಳಿ."

ಚಕ್ರ ತಿರುಗಿತು. ತೋತ್ಕಾ ಉಜ್ಜುವ ಕಪ್ಪು ಮುಲಾಮನ್ನು ಹೆಬ್ಬೆರಳಿನಿಂದ ಅಲಗಿಗೆ ಬಳಿದು, ಕತ್ತಿಯನ್ನು ಲಟ್ಟಣಿಗೆಯ ಇಕ್ಕಳಕ್ಕೆ ಸಿಕ್ಕಿಸಿ ಒಡ್ಡಿದಳು. ಚಕ್ರ ಒಮ್ಮೆ ಕತ್ತಿಯನ್ನು ಕಿತ್ತುಕೊಳ್ಳಲು ನೋಡಿತು, ಇಕ್ಕಳ ಬಿಡಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಕೆಂಪು ಹೋಗಿ ಬಿಳಿ ಉಕ್ಕು ಕಂಡಿತು. ಬೆನ್ನಿನ ಬಳಿ ಒಂದೆರಡು ಚುಕ್ಕೆ ಉಳಿದವು.

"ಅಷ್ಟಿರಲಿ, ಕೆನ್ನೆಗೆ ತಾಗಲ್ಲ," ಎಂದು ದೋಚೊ ಕತ್ತಿಯನ್ನು ಕಲ್ಲಿಗೆ ಹಿಡಿದು, ಚರ್ಮದ ಪಟ್ಟಿಗೆ ತೀಡಿದ. ಕ್ಷೌರ ಮುಗಿಸಿ ಹೆಣದ ಕೆನ್ನೆ ಸವರಿದ. "ಮದುವೆ ಗಂಡಿನ ಹಾಗಿದಾನೆ ನೋಡು."

ಕತ್ತಿ ಪೆಂಕೊನ ಕೋಟಿನ ಜೇಬು ಸೇರಿತು. ಪಾದ್ರಿ ಬಂದ, ಪ್ರಾರ್ಥನೆ ಮುಗಿಯಿತು. ತೋತ್ಕಾ ಬಾಗಿ ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟಳು. ಅವಳು ಏಳುವಾಗ ಆ ನುಣುಪು ಕೆನ್ನೆಯ ಮೇಲೆ ಕಪ್ಪು ಹೆಬ್ಬೆರಳಿನ ಗುರುತು ಮೂಡಿತ್ತು.

ನೇದಾ ಕರವಸ್ತ್ರ ತೆಗೆದಳು.

"ಇರ್ಲಿ ಬಿಡು," ಎಂದು ತೋತ್ಕಾ ಅವಳ ಕೈ ಹಿಡಿದುಕೊಂಡಳು.

ಶವಪೆಟ್ಟಿಗೆಯ ಮುಚ್ಚಳ ಮುಚ್ಚುವಾಗಲೂ ಪೆಂಕೊನ ಕೆನ್ನೆಯ ಮೇಲೆ ಅದು ಹಾಗೆಯೇ ಇತ್ತು.