ಸೆಲಿನ್ ಹೋಗದ ಪ್ರಾರ್ಥನೆ

ಸುಂಟಿಕೊಪ್ಪದ ಹತ್ತಿರ ಎಸ್ಟೇಟ್ ಕೂಲಿಗಳ ಲೈನ್ ಮನೆಗಳಲ್ಲಿ ಸೆಲಿನ್, ಚೋಮಿ ಅಕ್ಕಪಕ್ಕದ ಮನೆಯವರು. ಕಾಫಿ ಕುಯ್ಯಲು ಜೊತೆಯಲ್ಲೇ ಹೋಗುತ್ತಿದ್ದರು. ಚೋಮಿಯ ಗಂಡ ನಿಂಗ ಹಾಸಿಗೆ ಹಿಡಿದಾಗ ಅವಳು ಬಂದು ಕೇಳಿದಳು: "ಅಕ್ಕ, ಸಂಜೆ ನೀವು ಪ್ರಾರ್ಥನೆ ಮಾಡ್ತೀರಲ್ಲ, ಒಂದ್ಸಲ ನಮ್ಮನೇಲಿ ಮಾಡಿ. ಅವ್ರಿಗೆ ಕೇಳ್ಬೇಕಂತೆ."

ಮತಾಂತರ ಮಾಡಿಸ್ತಾಳೆ ಎಂದು ಜನ ಆಡಿಕೊಂಡಾರೆಂದು ಸೆಲಿನ್ ಹೆದರಿದಳು. "ನಮ್ಮನೇಲೇ ಮಾಡ್ತೀನಿ ಬಿಡು" ಎಂದಳು. ದಿನಾ ಸಂಜೆ ಮೆಲುದನಿಯಲ್ಲಿ ಮಾಡಿದಳು ಕೂಡ.

ಆ ವಾರವೇ ನಿಂಗ ತೀರಿಕೊಂಡ. ಸೆಲಿನ್ ಗಂಜಿ ತೆಗೆದುಕೊಂಡು ಹೋದಳು.

"ದಿನಾ ಅವರ ಹೆಸರು ಹೇಳಿ ಬೇಡಿಕೊಂಡಿದ್ದೆ, ಚೋಮಿ."

"ಅವ್ರಿಗೆ ಅದು ಗೊತ್ತಾಗ್ಲಿಲ್ಲ ಅಕ್ಕ. ನೀವು ಬರ್ತೀರಂತ ಕಾಯ್ತಾನೇ ಇದ್ರು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸೆಲಿನ್‌ಗೆ ಅದನ್ನೇ ತಡೆಯಲಾಗಲಿಲ್ಲ. ಅವಳು ಚೋಮಿಯ ಪಕ್ಕ ನೆಲದ ಮೇಲೆ ಕೂತು ಅತ್ತಳು.