ಕೆಳಗೆ ಬರೆದ ಹೆಸರು

ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಹೊಸ ಕಂಪೈಲರ್ ಬಂದಾಗಿನಿಂದ ರೈಲಿ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಡಬ್ಬಿಯಲ್ಲಿದ್ದ ರೈ ಧಾನ್ಯದ ರೊಟ್ಟಿ ಹಾಗೇ ಒಣಗಿತ್ತು. ಔಲು ಎಂಬ ಊರಿನ ಆ ಕಚೇರಿಯಲ್ಲಿ ಗಣಿ ಲಿಫ್ಟುಗಳನ್ನು ನಡೆಸುವ ಮೂಲ ತಂತ್ರಾಂಶವಾದ ಕರ್ನಲ್ ನೋಡಿಕೊಳ್ಳುವವರು ಇಬ್ಬರೇ, ಅವಳು ಮತ್ತು ವೈನೊ. ಅವಳಿಗೆ ಐವತ್ತೆಂಟು. ಗುತ್ತಿಗೆ ಶುಕ್ರವಾರ ಮುಗಿಯುತ್ತಿತ್ತು. ಆ ವಯಸ್ಸಿಗೆ ಇನ್ನೆಲ್ಲಿ ಕೆಲಸ ಸಿಗಬೇಕು?

ಪರದೆಯ ಮೇಲೆ ಅದೇ ಕೆಂಪು ಸಾಲು. ಯಂತ್ರದ ಮಾತಿನಲ್ಲೇ ಬರೆದ ಈ ಅಸೆಂಬ್ಲಿ ತುಣುಕು ಕೇಳುವಷ್ಟು ರಿಜಿಸ್ಟರ್, ಅಂದರೆ ಲೆಕ್ಕ ಇಡುವ ಖಾನೆ, ನನ್ನಲ್ಲಿಲ್ಲ ಅಂತ ಕಂಪೈಲರಿನ ತಕರಾರು.

ಯಜಮಾನ ಹೆನ್ರಿಕ್ ಬಂದ. "ಇನ್ನೂ ಆಗ್ಲಿಲ್ವಾ?"

"ಮೂರು ದಿನ ಕೊಡಿ. ತುಣುಕನ್ನೇ ತಿರುಗಿ ಬರೀಬೇಕು."

"ಮೂರು ದಿನಾನಾ! ಮಧ್ಯಾಹ್ನ ಗಣಿಗೆ ಕಳಿಸ್ಬೇಕು ಮಾರಾಯ್ತಿ. ಇವನ್ನ ನಾವು ಕೆಡಿಸ್ತೀವಿ, ನೀನು ಮುಟ್ಬೇಡ ಅಂತ ಕಂಪೈಲರಿಗೆ ಕೊಡೋ ರಿಜಿಸ್ಟರ್ ಪಟ್ಟಿ ಇದ್ಯಲ್ಲ, ಅದ್ರಿಂದ ಒಂದನ್ನ ತೆಗೆದ್ಹಾಕು. ಬಾಯಿ ಮುಚ್ಕೊಳ್ಳುತ್ತೆ."

"ಮುಚ್ಕೊಳ್ಳುತ್ತೆ, ಸರಿ. ಆ ರಿಜಿಸ್ಟರಿಗೆ ಯಾರೂ ಕೈ ಹಾಕಲ್ಲ ಅಂತ ನಂಬಿ ತನ್ನ ಲೆಕ್ಕಾನ ಅಲ್ಲೇ ಇಡುತ್ತೆ. ನಾವು ಅದರ ಮೇಲೇ ಬರೀತೀವಿ. ಲಿಫ್ಟು ಎಷ್ಟು ಆಳದಲ್ಲಿದೆ ಅನ್ನೋದೇ ಅಳಿಸಿಹೋಗ್ಬಹುದು."

"ಬಹುದಂತೆ! ಶುಕ್ರವಾರ ನಿನ್ನ ಕಾಗದಕ್ಕೆ ಸಹಿ ಹಾಕೋನು ಯಾರು, ಗೊತ್ತಲ್ಲ?"

ಪಕ್ಕದಲ್ಲೇ ಇದ್ದ ವೈನೊ ತಲೆ ಎತ್ತಲಿಲ್ಲ.

ಅವಳು ಪಟ್ಟಿಯಿಂದ ಒಂದನ್ನು ತೆಗೆದಳು. ಕೆಂಪು ಸಾಲು ಮಾಯವಾಯಿತು. "ಇದು ತಪ್ಪು, ಹೆನ್ರಿಕ್ ಹೇಳಿದ್ದಕ್ಕೆ ಮಾಡಿದ್ದೇನೆ" ಎಂದು ಟಿಪ್ಪಣಿ ಬರೆದಳು.

"ಗಿರಾಕಿಗ್ಯಾಕೆ ಈ ಪುರಾಣ? ಅಳಿಸು."

ಅಳಿಸಿದಳು. ಬದಲಾವಣೆ ಮಾಡಿದವರು ಕೆಳಗೆ ತಮ್ಮ ಹೆಸರು ಬರೆಯಬೇಕು, ಅದು ಈ ಕಸುಬಿನ ಕಟ್ಟಳೆ. ಹೆಸರನ್ನೂ ಬರೆದಳು. ಗುತ್ತಿಗೆ ಮುಂದುವರಿಯಿತು. ಮನಸ್ಸು ತಡೆಯದೆ ಮೂರು ದಿನ ಕೂತು ತುಣುಕನ್ನು ಸರಿಯಾಗಿ ಬರೆದು ಹೆನ್ರಿಕನಿಗೆ ಕಳಿಸಿದಳು. "ನೋಡೋಣ" ಅಂದ. ನೋಡಲಿಲ್ಲ.

ಎರಡು ವಾರಕ್ಕೆ ಗಣಿಯಲ್ಲಿ ಲಿಫ್ಟು ನಿಲ್ಲಬೇಕಾದಲ್ಲಿ ನಿಲ್ಲದೆ ತಳಕ್ಕೆ ಬಡಿಯಿತು. ಒಳಗಿದ್ದ ಇಬ್ಬರ ಕಾಲು ಮುರಿಯಿತು.

ವಿಚಾರಣೆಗೆ ಬಂದವರು ಕೇಳಿದ್ದು ಇಷ್ಟೇ. "ಈ ಹೆಸರು ನಿಮ್ದೇ ತಾನೇ?"

"ನಂದೇ. ಮಾಡು ಅಂದಿದ್ದು ಹೆನ್ರಿಕ್. ವೈನೊನ ಕೇಳಿ, ಪಕ್ಕದಲ್ಲೇ ಇದ್ದ."

ವೈನೊ ಕಾಫಿ ಲೋಟ ತಿರುಗಿಸುತ್ತಾ ಕೂತ. "ನಾನೇನೂ ಕೇಳಿಸ್ಕೊಳ್ಳಲಿಲ್ಲ" ಅಂದ. ಅವನ ಗುತ್ತಿಗೆಯೂ ಮುಗಿಯುವುದರಲ್ಲಿತ್ತು, ಪಾಪ.

ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಇಲ್ಲಿ ಮೇಕೆಯೇ ಒರೆಸಿಕೊಳ್ಳುವಂತೆ ಮಾಡಿದ್ದರು.

ಅಂದೇ ಕೆಲಸ ಹೋಯಿತು. ಕುರ್ಚಿಯ ಕೆಳಗಿದ್ದ ಉಣ್ಣೆಯ ಕಾಲುಚೀಲಗಳನ್ನು ಚೀಲಕ್ಕೆ ತುರುಕಿ, ಹೊರಡುವ ಮುನ್ನ ಪರದೆಯತ್ತ ನೋಡಿದಳು. ಅವಳು ಮೂರು ದಿನ ಕೂತು ಬರೆದ ತುಣುಕು, ಒಂದಕ್ಷರವೂ ಬದಲಾಗದೆ, ಆಗತಾನೆ ಕರ್ನಲ್ ಸೇರಿತ್ತು. ಕೆಳಗೆ ಹೆನ್ರಿಕನ ಹೆಸರಿತ್ತು.