ಮೂವತ್ತೊಂದನೆಯ ಮಾದರಿ

ಪರದೆಯ ಮೇಲೆ ಮೂವತ್ತೊಂದನೆಯ ಮಾದರಿಯ ಗೆರೆ ಉಳಿದವನ್ನೆಲ್ಲ ಕೆಳಗೆ ಬಿಟ್ಟು ಮೇಲಕ್ಕೆ ಹೋಗಿತ್ತು. ಪ್ರಯೋಗಾಲಯದ ಮುಖ್ಯಸ್ಥೆ ಸೌಂದರ್ಯಾ ಮೇಡಂ ಕುರ್ಚಿಯಿಂದ ಎದ್ದೇ ಬಿಟ್ಟರು.

"ನಾಲ್ಕು ಪಟ್ಟು! ನೋಡಿದ್ರಾ ಲಿಖಿತ? ಇಂಥದ್ದೊಂದಕ್ಕೆ ಎರಡು ವರ್ಷದಿಂದ ಕಾಯ್ತಿದ್ದೆ."

ಲಿಖಿತ ತಲೆಯಾಡಿಸಿದಳು. ಸಂಶೋಧನೆಯಲ್ಲಿ ರೋಗಿಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಆದರೆ ಆ ನಂಬರಿನ ಚೀಟಿ ಅಂಟಿಸಿದವಳು ಅವಳೇ. ಮೂವತ್ತೊಂದು ಎಂದರೆ ಬೂದಿಕೋಟೆಯ ಅಂಬಿಕ, ಅವಳನ್ನು ಎತ್ತಿ ಆಡಿಸಿದ ಚಿಕ್ಕಮ್ಮ.

ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿದ ಹೆಂಗಸರ ರಕ್ತವನ್ನು ಮೂರು ತಿಂಗಳಿಗೊಮ್ಮೆ ರಾಬರ್ಟ್‌ಸನ್‌ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ತೆಗೆಸಿ, ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿನ ಪ್ರಯೋಗಾಲಯಕ್ಕೆ ತರುವುದು ಅವಳ ಕೆಲಸ. ಹುಡುಕುತ್ತಿದ್ದುದು ಕ್ಯಾನ್ಸರ್ ಜೀವಕೋಶಗಳು ಹೊರಬಿಡುವ, ಕಣ್ಣಿಗೆ ಕಾಣದಷ್ಟು ಪುಟ್ಟ ಚೀಲಗಳನ್ನು. ಅವುಗಳೊಳಗೆ ಜೀನ್‌ಗಳ ಕೆಲಸವನ್ನು ನಿಯಂತ್ರಿಸುವ ಮೈಕ್ರೋ ಆರ್‌ಎನ್‌ಎ ಎಂಬ ತುಣುಕುಗಳಿರುತ್ತವೆ; ಅಳೆಯುತ್ತಿದ್ದುದು ಅವುಗಳಲ್ಲಿ ಒಂದನ್ನು. ಈ ಚೀಲಗಳು ರಕ್ತದಲ್ಲಿ ತೇಲಿಹೋಗಿ ಮೂಳೆಗೋ ಶ್ವಾಸಕೋಶಕ್ಕೋ ಸೇರಿದರೆ ಅಲ್ಲಿನ ಒಳ್ಳೆಯ ಜೀವಕೋಶಗಳ ನಡತೆಯನ್ನೇ ಬದಲಿಸಬಲ್ಲವು. ಹಿಂದೆಯೇ ಬರುವ ಕ್ಯಾನ್ಸರಿಗೆ ಬೇರೂರುವುದು ಆಗ ಸಲೀಸು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಇದನ್ನೆಲ್ಲ ಕೇಳಿದ ಅಂಬಿಕ, "ಬರಕ್ಕೆ ಮುಂಚೆ ಜಾಗ ಸರಿ ಮಾಡಕ್ಕೆ ಆಳು ಕಳಿಸ್ತದೆ ಅನ್ನು. ಮಾ ಕಿಲಾಡಿ ಕಣಮ್ಮಿ!" ಎಂದು ನಕ್ಕಿದ್ದಳು.

ಸಂಜೆಯ ರೈಲಿನಲ್ಲಿ ಸೀಟು ಸಿಕ್ಕಿದರೂ ಲಿಖಿತಳಿಗೆ ಕೂರಲಾಗಲಿಲ್ಲ. ಬಾಗಿಲ ಬಳಿ ನಿಂತಳು, ಮತ್ತೆ ಒಳಗೆ ಬಂದಳು. ಚಿಕ್ಕಮ್ಮನಿಗೆ ಹೇಳುವಂತಿಲ್ಲ. ಇನ್ನೂ ಸಾಬೀತಾಗದ ಅಳತೆಯನ್ನು ರೋಗಿಗೆ ತಿಳಿಸಬಾರದೆಂಬ ನಿಯಮವಿದೆ. ಅದಕ್ಕಿಂತ ಹೆಚ್ಚಾಗಿ ಕೊರೆಯುತ್ತಿದ್ದುದು ಬೇರೆಯೇ. ರಕ್ತ ತೆಗೆದ ಎರಡು ಗಂಟೆಯೊಳಗೆ ಅದನ್ನು ಯಂತ್ರದಲ್ಲಿ ತಿರುಗಿಸಿ ಕೆಂಪು ಕಣಗಳನ್ನು ಬೇರ್ಪಡಿಸಬೇಕು. ಚಿಕ್ಕಮ್ಮನ ರಕ್ತ ತೆಗೆದ ದಿನ ಕ್ಲಿನಿಕ್ಕಿನಲ್ಲಿ ಕರೆಂಟು ಹೋಗಿ, ತಿರುಗಿಸುವ ಹೊತ್ತಿಗೆ ನಾಲ್ಕೂವರೆ ಗಂಟೆ ಕಳೆದಿತ್ತು. ಮಾದರಿ ಕೆಟ್ಟಿತೆಂದು ಅದಾಗಲೇ ಎರಡು ಸಲ ಬೈಸಿಕೊಂಡಿದ್ದ ಅವಳು ದಾಖಲೆಯಲ್ಲಿ ಒಂದೂವರೆ ಗಂಟೆ ಎಂದು ಬರೆದಿದ್ದಳು. ಕೆಂಪು ಕಣಗಳು ಒಡೆದರೆ ಅವುಗಳ ತುಣುಕುಗಳೂ ಸೇರಿ ಅಳತೆ ಸುಮ್ಮಸುಮ್ಮನೆ ಏರುತ್ತದೆ. ಏರಿದ್ದು ರೋಗವೋ, ತನ್ನ ಸುಳ್ಳೋ?

ಬೆಳಿಗ್ಗೆ ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿಬಿಟ್ಟಳು. ಮಾದರಿ ತನ್ನ ಚಿಕ್ಕಮ್ಮನದೆಂಬುದನ್ನೂ.

"ನಾನು ಇದನ್ನ ಲೇಖನದಲ್ಲಿ ಬರೆದು ಕಳಿಸಿದ್ದಿದ್ರೆ?" ಎಂದರು ಮೇಡಂ ಸಿಟ್ಟಿನಿಂದ. "ಆ ಅಳತೆ ತೆಗೆದುಹಾಕಿ. ಅವರ ಒಪ್ಪಿಗೆ ಪಡೆದು ಹೊಸ ರಕ್ತ ತನ್ನಿ. ಪರೀಕ್ಷೆ ನಿಮ್ಮ ಕೈಲಿ ಬೇಡ, ನಾನೇ ಮಾಡ್ತೀನಿ."

ಮಾರನೆಯ ದಿನ ಅಂಬಿಕ ಹಾಲು ಡೈರಿಗೆ ಹಾಕಿ ಬಸ್ಸಿನಲ್ಲಿ ಕ್ಲಿನಿಕ್ಕಿಗೆ ಬಂದಳು. ರಕ್ತ ಕೊಟ್ಟು ಮಂಚದಿಂದ ಇಳಿಯುವಾಗ ಅಂಚನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದಳು.

"ಏನಾಯ್ತು ಚಿಕ್ಕಮ್ಮ?"

"ಏನಿಲ್ಲ. ಸೊಂಟ. ಎರಡು ತಿಂಗಳಿಂದ ಇಡ್ಕೊಂಡದೆ. ಬಗ್ಗಿ ಹಾಲು ಕರೀತೀನಲ್ಲ, ಅದುಕ್ಕೆ."

"ಎರಡು ತಿಂಗಳಿಂದಾನಾ! ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ದು ರಕ್ತಾನ. ಸೊಂಟ ಯಾರು ಕೇಳಿದ್ರು?"

ಲಿಖಿತಳಿಗೆ ಕೆನ್ನೆಗೆ ಹೊಡೆದಂತಾಯಿತು. ಅಲ್ಲೇ ಡಾಕ್ಟರ ಮುಂದೆ ಕರೆದೊಯ್ದಳು. ಅವರು ಬೆನ್ನನ್ನು ಒತ್ತಿ ನೋಡಿ, ಆ ವಾರವೇ ಸ್ಕ್ಯಾನ್ ಮಾಡಿಸಲು ಬರೆದುಕೊಟ್ಟರು.

ಎರಡು ದಿನಕ್ಕೆ ಮೇಡಂ ಫೋನ್ ಮಾಡಿದರು. ಹೊಸ ಮಾದರಿಯ ಅಳತೆ ಎಲ್ಲರಂತೆಯೇ ಇತ್ತು, ಏರಿರಲಿಲ್ಲ. ಲಿಖಿತಳ ಎದೆಯ ಭಾರ ಇಳಿಯಿತು. ಹತ್ತು ನಿಮಿಷದಲ್ಲಿ ಚಿಕ್ಕಮ್ಮನ ಸೊಂಟ ನೆನಪಾಗಿ ಮತ್ತೆ ಏರಿತು. ಅದೇ ಸಂಜೆ ಅಂಬಿಕ ಫೋನಿನಲ್ಲಿ, "ಹಸ ಇವತ್ತೋ ನಾಳೆನೋ ಈಯ್ತದೆ. ಸ್ಕ್ಯಾನು ಮುಂದಿನ ತಿಂಗಳು ಮಾಡಿಸಾಣ ಬಿಡು" ಎಂದಳು. ಹೂಂ ಎನ್ನುವುದು ಎಷ್ಟು ಸುಲಭವಿತ್ತು! ಅಳತೆ ಚೆನ್ನಾಗಿಯೇ ಇತ್ತಲ್ಲ.

"ಹಸು ಅಮ್ಮ ನೋಡ್ಕೋತಾಳೆ. ನೀನು ನಾಳೇನೇ ಬರಬೇಕು," ಎಂದಳು ಲಿಖಿತ. ಅವಳ ದನಿಗೆ ಅಂಬಿಕಳೇ ಬೆಚ್ಚಿದಳು.

ಸ್ಕ್ಯಾನಿನಲ್ಲಿ ಬೆನ್ನುಮೂಳೆಯ ಮೇಲೆ ಕಡಲೆಕಾಳಿನಷ್ಟು ಒಂದು ಗುರುತು ಸಿಕ್ಕಿತು. ಕ್ಯಾನ್ಸರ್ ಅಲ್ಲಿಗೆ ಬಂದಿತ್ತು. ಬೇರೆಲ್ಲೂ ಇರಲಿಲ್ಲ.

"ಹಾಗಾದರೆ ನಮ್ಮ ಅಳತೆ ಯಾಕೆ ಸುಮ್ಮನಿತ್ತು ಮೇಡಂ?"

"ನಾವು ಹುಡುಕಿದ್ದು ಒಂದು ತುಣುಕು. ಆ ಚೀಲಗಳಲ್ಲಿ ಇನ್ನೇನೇನು ಹೋಗುತ್ತೋ, ಯಾರಿಗೂ ಪೂರ್ತಿ ಗೊತ್ತಿಲ್ಲ," ಎಂದರು ಮೇಡಂ. ಆ ದಿನ ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಅಂಬಿಕಳಿಗೆ ರೇಡಿಯೇಷನ್ ಆಯಿತು, ಮಾತ್ರೆ ಬದಲಾಯಿತು. ಆರು ತಿಂಗಳ ಸ್ಕ್ಯಾನಿನಲ್ಲಿ ಗುರುತು ಚಿಕ್ಕದಾಗಿತ್ತು, ನೋವೂ ಹೋಗಿತ್ತು. ಆ ವರದಿ ಹಿಡಿದು ಬೂದಿಕೋಟೆ ಬಸ್ಸಿಗೆ ನಿಂತಿದ್ದಾಗ ಅವಳು ಕೇಳಿದಳು: "ಇನ್ನ ಎಲ್ಲಿಗೂ ಓಗಲ್ಲ ಅಲ್ವಾಮ್ಮಿ ಅದು?"

"ಗೊತ್ತಿಲ್ಲ ಚಿಕ್ಕಮ್ಮ."

ಅಂಬಿಕ ಅವಳ ಮುಖವನ್ನೇ ನೋಡಿದಳು. "ಓಗ್ಲಿ, ನಿಜ ಏಳ್ದಲ್ಲ," ಎಂದು, ಬಂದ ಬಸ್ಸಿಗೆ ಯಾರ ಕೈಯನ್ನೂ ಹಿಡಿಯದೆ ಹತ್ತಿದಳು.